ನೆರಳಿನಲ್ಲಿ ಕಂಡ ಅವ್ವ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಎರಡು ತಿಂಗಳ ಹಿಂದೆ ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಫೋಟೋ ಚೆನ್ನಾಗಿ ತೆಗೀತೀರಂತೆ. 'ನನ್ನ ಹವ್ಯಾಸ' ಮಾಲಿಕೆಯಲ್ಲಿ ಅರ್ಧ ಗಂಟೆ ಮಾತಾಡಿ" ಎಂದರು. ನಾನು ಸಾಫ್ಟ್‌ವೇರ್‌ನವಳು. ಮಾತು ಬರದಿದ್ದರೂ ಸ್ಲೈಡ್ ಮಾಡಲು ಬರುತ್ತದೆ. ಬೆಳಕು, ಲೆನ್ಸು, ಕೋನ ಅಂತ 22 ಸ್ಲೈಡ್ ಸಿದ್ಧ ಮಾಡಿಟ್ಟೆ. ಮೂರು ವಾರದ ಹಿಂದೆ ಅದನ್ನೆಲ್ಲ ಬದಿಗಿಟ್ಟೆ. ಅದಕ್ಕೆ ಕಾರಣ ಒಂದು ನೆರಳು. ಆ ನೆರಳಿನ ಕಥೆಯನ್ನೇ ಇವತ್ತು ಹೇಳುತ್ತೇನೆ. ಸ್ಲೈಡ್ ಇಲ್ಲ, ಕ್ಷಮಿಸಿ.

ನನ್ನ ತವರು ಧಾರವಾಡ. ಎಂ.ಟೆಕ್ ಮುಗಿಸಿ, ಕೆಲಸ ಹಿಡಿದು ಪುಣೆಗೆ ಬಂದು ಹದಿಮೂರು ವರ್ಷವಾಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಧಾರವಾಡದ ಮನೆಯಲ್ಲಿದ್ದಳು. "ಬಾ" ಅಂದರೆ, "ಅಲ್ಲಿ ಬಂದು ಲಿಫ್ಟ್ ಹತ್ತೂದು ಇಳಿಯೂದು ಮಾಡಲೇನು?" ಅನ್ನುತ್ತಿದ್ದಳು. ಹೋದ ವರ್ಷ ಒಂದು ದಿನ ಫೋನಿನಲ್ಲಿ, "ಬಾಗಲದ ಚೌಕಟ್ಟು ಡೊಂಕಾದಂಗ ಕಾಣ್ತದ. ಬಡಿಗ್ಯಾರ್ನ ಕರಸಬೇಕು" ಅಂದಳು. ಬಾಗಿಲು ನೆಟ್ಟಗೇ ಇತ್ತು. ಡೊಂಕಾಗಿದ್ದು ಅವಳ ದೃಷ್ಟಿ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಮ್ಯಾಕ್ಯುಲಾ ಎಂಬ ನಡುಭಾಗವಿದೆ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಅದೇ ಬೇಕು. ವಯಸ್ಸಾದ ಹಾಗೆ ಕೆಲವರಲ್ಲಿ ಅದು ಸವೆಯುತ್ತದೆ. ಆಗ ಅಕ್ಕಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಮಸುಕಾಗುತ್ತದೆ. ಅವ್ವನಿಗೆ ಕೋಣೆ ಕಾಣುತ್ತದೆ, ಕುರ್ಚಿ ಕಾಣುತ್ತದೆ. ಕುರ್ಚಿಯಲ್ಲಿ ಕುಳಿತವರ ಮುಖ ಕಾಣುವುದಿಲ್ಲ.

ಹೀಗಾಗಿ ದೀಪಾವಳಿ ಮುಗಿಸಿ ಮನೆಗೆ ಬೀಗ ಹಾಕಿ ಅವ್ವನನ್ನು ಪುಣೆಗೆ ಕರೆತಂದೆವು. ಅವಳ ಜೊತೆ ಬಂದದ್ದು ಎರಡು ಸೂಟ್‌ಕೇಸು, ಒಂದು ತುಳಸಿ ಕುಂಡ, ಮೂರು ಆಲ್ಬಮ್ಮು, ಮತ್ತು ಬಿಸ್ಕೀಟಿನ ಹಳೆಯ ಡಬ್ಬಿ ತುಂಬ ಬಿಡಿ ಫೋಟೋಗಳು. ಭಾನುವಾರಗಳಂದು ಒಂದೊಂದೇ ಫೋಟೋ ಸ್ಕ್ಯಾನ್ ಮಾಡಲು ಕುಳಿತೆ. ಒಟ್ಟು 412. ನೀವೂ ಮಾಡುವುದಾದರೆ 600 ಡಿಪಿಐನಲ್ಲಿ ಮಾಡಿ. ಸಣ್ಣ ಫೋಟೋವನ್ನು ಆಮೇಲೆ ದೊಡ್ಡದು ಮಾಡಿ ನೋಡಲು ಅನುಕೂಲ. ಸ್ಕ್ಯಾನ್ ಮಾಡಿದ್ದನ್ನೆಲ್ಲ ಫೋನಿಗೆ ಏರಿಸಿದೆ.

ಒಂದು ರಾತ್ರಿ ಫೋನು ನನ್ನನ್ನೇ ಒಂದು ಪ್ರಶ್ನೆ ಕೇಳಿತು. ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು, "ಇವರಿಬ್ಬರೂ ಒಬ್ಬರೇನಾ?" ಎಂದು. ಎಡಕ್ಕೆ 1979ರ ಅವ್ವ, ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಪಾಸ್‌ಪೋರ್ಟ್ ಫೋಟೋ. ಬಲಕ್ಕೆ ನಾನು, ಮೊದಲ ಕೆಲಸದ ಐಡಿ ಕಾರ್ಡಿನ ಫೋಟೋ. ಅವಳ ತಲೆಯಲ್ಲಿ ಎಣ್ಣೆ ಹಚ್ಚಿ ಬಿಗಿದ ಜಡೆ, ನನ್ನದು ಪೋನಿಟೇಲು. ಉಳಿದದ್ದೆಲ್ಲ ಒಂದೇ.

ಇದು ಹೇಗೆ ಆಗುತ್ತದೆ ಅಂತ ನನಗೆ ಗೊತ್ತು. ಕಂಪ್ಯೂಟರ್ ಮುಖವನ್ನು ನಮ್ಮ ಹಾಗೆ ನೋಡುವುದಿಲ್ಲ, ಅಂಕಿಗಳ ಒಂದು ಸಾಲಾಗಿ ಬದಲಾಯಿಸಿಕೊಳ್ಳುತ್ತದೆ. 2015ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಫೇಸ್‌ನೆಟ್ ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿಗಳು. ಎರಡು ಸಾಲುಗಳು ಹತ್ತಿರವಿದ್ದರೆ ಒಬ್ಬರೇ, ದೂರವಿದ್ದರೆ ಬೇರೆಯವರು. ನಡುವೆ ಎಲ್ಲೋ ಬಿದ್ದರೆ ನಮ್ಮನ್ನು ಕೇಳುವುದು. ಅವ್ವ ಮತ್ತು ನಾನು ಆ ನಡುವೆ ಬಿದ್ದಿದ್ದೆವು. ಗೊತ್ತಿದ್ದರೂ ಬೆರಳು ತಕ್ಷಣ "ಬೇರೆ" ಎಂಬುದನ್ನೇ ಒತ್ತಿತು. ಸ್ವಲ್ಪ ಜೋರಾಗಿಯೇ ಒತ್ತಿತು.

ಯಾಕೆ ಅಂತ ಹೇಳಬೇಕು. ಇಲ್ಲದಿದ್ದರೆ ಈ ಮಾತಿಗೆ ಅರ್ಥವಿಲ್ಲ.

ಚಿಕ್ಕಂದಿನಿಂದ ಮದುವೆ ಮುಂಜಿಗೆ ಹೋದಲ್ಲೆಲ್ಲ ನನ್ನನ್ನು ನೋಡಿದವರು "ಥೇಟ್ ಅವ್ವನ ಹಂಗ ಅದ ನೋಡ್ರಿ" ಅನ್ನುತ್ತಿದ್ದರು. ಎಂಟು ವರ್ಷದವಳಿದ್ದಾಗ ಖುಷಿಯಾಗುತ್ತಿತ್ತು. ಹದಿನೆಂಟಕ್ಕೆ ಸಿಟ್ಟು ಬರತೊಡಗಿತು. ನಾನು ಕಂಡ ಅವ್ವ ಎಂದರೆ ಎಲ್ಲರ ಊಟ ಆದ ಮೇಲೆ ಉಣ್ಣುವವಳು, "ನನಗೇನು ಬ್ಯಾಡ" ಅನ್ನುವವಳು, ಯಾವ ಮಾತಿಗೂ "ಆಗ್ಲಿ ಬಿಡು" ಅನ್ನುವವಳು. ಬಿ.ಎಸ್‌ಸಿ. ಓದಿದ್ದಾಳೆ, ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದಳು ಅಂತ ಗೊತ್ತಿತ್ತು. ಆದರೆ ಅದು ಯಾರೋ ಬೇರೆಯವರ ವಿಷಯ ಎಂಬಂತೆ ಗೊತ್ತಿತ್ತು.

ಆರು ವರ್ಷದ ಹಿಂದೆ, ನನ್ನ ಮಗಳಿಗೆ ಎರಡು ವರ್ಷ. ಕೆಲಸ, ಮಗು, ಡೇಕೇರು, ರಾತ್ರಿಯ ಕಾಲ್‌ಗಳು. ಇಲ್ಲಿ ಕುಳಿತ ಅರ್ಧ ಜನಕ್ಕೆ ನಾನು ವಿವರಿಸಬೇಕಿಲ್ಲ. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಅವ್ವ ಆಗ ನಮ್ಮಲ್ಲಿಗೆ ಬಂದಿದ್ದಳು. "ಸ್ವಲ್ಪ ದಿನ ಬಿಡು, ಮುಂದ ನೋಡಿದ್ರಾತು" ಅಂದಳು. ಸಮಾಧಾನಕ್ಕೆ ಅಂದ ಮಾತು. ನನಗೆ ಮೈಯೆಲ್ಲ ಉರಿಯಿತು. "ನಿನ್ನಂಗ ಆಗೂದು ನನಗ ಬ್ಯಾಡವ್ವಾ. ನಿನ್ನ ಸಲುವಾಗಿ ಅಂತ ಒಂದರ ಏನರ ಮಾಡೀಯೇನು ನೀ?" ಅಂದುಬಿಟ್ಟೆ.

ಅವ್ವ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಾನು ರಾಜೀನಾಮೆ ಕೊಡಲಿಲ್ಲ. ಆ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮತ್ತೆ ಫೋಟೋಗಳಿಗೆ ಬರೋಣ. ಇಡೀ ದಿನ ಡೇಟಾ ನೋಡುವವಳಿಗೆ 412 ಫೋಟೋ ಸಿಕ್ಕರೆ ಏನು ಮಾಡುತ್ತಾಳೆ? ಎಕ್ಸೆಲ್ ಶೀಟು ಮಾಡುತ್ತಾಳೆ. ಯಾವ ವರ್ಷ, ಎಲ್ಲಿ, ಯಾರು ಯಾರಿದ್ದಾರೆ ಎಂದು ಪಟ್ಟಿ ಮಾಡಿದೆ. 1979ರಿಂದ 1982ರಲ್ಲಿ ಮದುವೆಯಾಗುವವರೆಗಿನವು 31 ಫೋಟೋ. ಅವುಗಳಲ್ಲಿ ಅಜ್ಜ, ಅಜ್ಜಿ, ಮಾವಂದಿರು, ಅವ್ವನ ಗೆಳತಿಯರು, ಅಂಗಳದ ಆಕಳೂ ಇವೆ. ಅವ್ವ ಇದ್ದದ್ದು ಎರಡರಲ್ಲಿ ಮಾತ್ರ. ಆಕಳು ಮೂರರಲ್ಲಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತವರಿನಲ್ಲೂ ಇವಳನ್ನು ಪಕ್ಕಕ್ಕೆ ತಳ್ಳಿದ್ದಾರೆ, ಫೋಟೋಕ್ಕೆ ಕರೆಯುವ ಸೌಜನ್ಯವೂ ಇಲ್ಲ ಅನ್ನಿಸಿತು. ಇವತ್ತಿನ ಭಾಷಣವನ್ನು "ಆಲ್ಬಮ್ಮಿನಿಂದ ಕಾಣೆಯಾದ ಹೆಣ್ಣು" ಅಂತ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಂತಲೂ ಅನ್ನಿಸಿತು. ನಿಜ ಹೇಳುತ್ತೇನೆ, ಚಪ್ಪಾಳೆ ಎಲ್ಲೆಲ್ಲಿ ಬೀಳುತ್ತದೆ ಅಂತಲೂ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಗಿತ್ತು. ಅವ್ವನಿಗೆ ಫೋಟೋ ಕಾಣುವುದಿಲ್ಲ. ನಾನು ಒಂದೊಂದನ್ನೇ ಹಿಡಿದು ಏನಿದೆ ಎಂದು ಹೇಳುವುದು, ಅವಳು ಕಣ್ಣು ಮುಚ್ಚಿ ಕೇಳಿ, "ಹಾಂ, ಅದು ಅವತ್ತಿಂದು" ಅಂತ ಉಳಿದದ್ದನ್ನು ಹೇಳುವುದು. ಫೋಟೋದಲ್ಲಿರುವುದು ನನ್ನ ಪಾಲು, ಫೋಟೋದ ಹೊರಗಿರುವುದು ಅವಳ ಪಾಲು. ಅಜ್ಜ ಯಾಕೆ ಮುಖ ಗಂಟಿಕ್ಕಿದ್ದಾನೆ? ಅಂದು ಹೊಸ ಚಪ್ಪಲಿ ಕಚ್ಚುತ್ತಿತ್ತು. ಮಾವನ ಅಂಗಿ ಯಾಕೆ ಅಷ್ಟು ದೊಡ್ಡದು? ಅಣ್ಣನದು, ಫೋಟೋದ ಸಲುವಾಗಿ ಬೇಡಿ ತಂದದ್ದು.

ಆ ಸಂಜೆ ಕೈಗೆ ಬಂದದ್ದು ನುಗ್ಗಿಕೇರಿಯ ಫೋಟೋ. ಧಾರವಾಡದವರಿಗೆ ಗೊತ್ತು, ಊರ ಹೊರಗೆ ಕೆರೆಯ ಹತ್ತಿರ ಹನುಮಪ್ಪನ ಗುಡಿ, ಶನಿವಾರ ಜನ ತುಂಬಿರುತ್ತಾರೆ. ನಾನು ಹೇಳುತ್ತ ಹೋದೆ. "ನಾಲ್ಕು ಹುಡುಗ್ಯಾರು ನಿಂತಾರ. ಒಬ್ಬಾಕಿ ಕಣ್ಣು ಮುಚ್ಚ್ಯಾಳ. ಹಿಂದ ಗಿಡ ಅದ. ಕೆಳಗ ನೆಲದ ಮ್ಯಾಲೆ ಒಂದು ನೆರಳು ಬಿದ್ದದ. ಯಾರದೋ ಏನೋ, ಫೋಟೋ ಕೆಡಿಸ್ಯಾರ."

"ಹ್ಯಾಂಗದ ನೆರಳು?"

"ಎರಡೂ ಮೊಳಕೈ ಹೊರಗ ಚಾಚ್ಯಾವ, ಹಿಡಿಕಿ ಇದ್ದ ಕೊಡದಂಗ. ತಲಿ ಒಂದು ಕಡೆ ವಾಲೇದ. ಜಡಿ ಮುಂದ ಬಂದದ."

ಅವ್ವ ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. "ಅದು ನಾನ ಅಲ್ಲೇನ! ಫೋಟೋ ತಗದಾಕಿ ನಾನ. ನೆರಳು ಮತ್ತ ಯಾರದು ಬೀಳ್ತದ?"

ಸ್ನೇಹಿತೆಯರೇ, 31 ಫೋಟೋಗಳಲ್ಲಿ 29ರಲ್ಲಿ ಅವ್ವ ಕಾಣದೆ ಇದ್ದದ್ದು ಯಾರೂ ಕರೆಯದೆ ಅಲ್ಲ. ಕ್ಯಾಮೆರಾದ ಹಿಂದೆ ನಿಂತವಳೇ ಅವಳು.

ಆಮೇಲೆ ಕಥೆ ಹೊರಬಂತು. ಪದವಿ ಮುಗಿದ ಮೇಲೆ ಶಾಲೆಯೊಂದರಲ್ಲಿ ತಾತ್ಪೂರ್ತಿಕ ಕೆಲಸ. ಸಂಬಳ ಅಜ್ಜನ ಕೈಗೆ ಕೊಡುವುದು, ಅವನು ಅದರಲ್ಲಿ ಸ್ವಲ್ಪ ತಿರುಗಿ ಕೊಡುವುದು. ಆ ಸ್ವಲ್ಪದಲ್ಲಿ ಕೂಡಿಸಿ ಕೂಡಿಸಿ, ಜೊತೆಯ ಟೀಚರೊಬ್ಬರ ಅಣ್ಣನಿಂದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೊಂಡಳಂತೆ. ಸೆಕೆಂಡ್ ಹ್ಯಾಂಡು. ನಿಮ್ಮಲ್ಲಿ ಹಿರಿಯರು ಆ ಹೆಸರು ಕೇಳಿ ತಲೆ ಆಡಿಸುತ್ತಿದ್ದೀರಿ. ಆ ಕಾಲದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಅದು. 120 ಎಂಬ ಅಳತೆಯ ಫಿಲ್ಮ್ ರೋಲು, ಒಂದು ರೋಲಿಗೆ 12 ಚಿತ್ರ. ಹಿಂದಿನ ಸಣ್ಣ ಕೆಂಪು ಕಿಟಕಿಯಲ್ಲಿ ಅಂಕಿ ನೋಡುತ್ತ ಕೈಯಿಂದ ರೋಲು ತಿರುಗಿಸಬೇಕು. "12 ಫೋಟೋ ಮುಗಿಯೂದ್ರಾಗ ಮೂರು ತಿಂಗಳ ಆಗತಿತ್ತು. ಒಂದು ಒತ್ತೂದಕ್ಕ ಹತ್ತು ಸಲ ವಿಚಾರ ಮಾಡ್ತಿದ್ದೆ" ಅಂದಳು. ನಾನು ಮಗಳ ಒಂದು ಹುಟ್ಟುಹಬ್ಬಕ್ಕೆ 300 ಫೋಟೋ ತೆಗೆಯುತ್ತೇನೆ. ವಿಚಾರ ಒಂದು ಸಲವೂ ಮಾಡುವುದಿಲ್ಲ.

ಆ ನೆರಳಿಗೂ ಕಾರಣವಿದೆ. ರೋಲು ತೊಳೆಯಲು ಕೊಡುತ್ತಿದ್ದ ಸ್ಟುಡಿಯೋದವರು ಅವಳಿಗೆ ಒಂದು ಪಾಠ ಹೇಳಿದ್ದರಂತೆ: "ಸೂರ್ಯ ಬೆನ್ನಿಗಿರಬೇಕವಾ." ಅಂಥ ಸಾದಾ ಕ್ಯಾಮೆರಾಕ್ಕೆ ಬೆಳಕು ಬಹಳ ಬೇಕು, ಎದುರಿಗಿರುವವರ ಮುಖದ ಮೇಲೆ ಬಿಸಿಲು ಬೀಳಬೇಕು. ಹಾಗಾಗಿ ಫೋಟೋ ತೆಗೆಯುವವರ ಬೆನ್ನಿಗೆ ಸೂರ್ಯ. ಹೊತ್ತು ಇಳಿದಿದ್ದರೆ ಅವರ ನೆರಳು ಚಿತ್ರದೊಳಕ್ಕೆ ಬಿದ್ದೇ ಬೀಳುತ್ತದೆ. ಅಂದು ರಾತ್ರಿ 31 ಫೋಟೋಗಳನ್ನೂ ಮತ್ತೆ ತೆರೆದು, ಈ ಸಲ ಮುಖ ಬಿಟ್ಟು ನೆಲ ನೋಡಿದೆ. ಏಳರಲ್ಲಿ ಅವ್ವ ಇದ್ದಳು. ಕರ್ನಾಟಕ ಕಾಲೇಜಿನ ಮೆಟ್ಟಿಲ ಮೇಲೆ, ಕೆಲಗೇರಿ ಕೆರೆಯ ದಂಡೆಯಲ್ಲಿ, ಮನೆಯ ಅಂಗಳದಲ್ಲಿ ಆಕಳಿನ ಕಾಲ ಬಳಿ. ಎಲ್ಲದರಲ್ಲೂ ಅದೇ ಮೊಳಕೈ, ಎಡಕ್ಕೆ ವಾಲಿದ ಅದೇ ತಲೆ.

ಆ ವಾಲುವಿಕೆಯನ್ನು ನಾನು ಬೇರೆಲ್ಲೋ ನೋಡಿದ್ದೆ. ನನ್ನದೇ ಫೋನಿನಲ್ಲಿ ಹುಡುಕಿದೆ. ಎರಡು ವರ್ಷದ ಹಿಂದೆ ಸಿಂಹಗಡಕ್ಕೆ ಹೋದಾಗ ಮಗಳ ಒಂದು ಫೋಟೋ ತೆಗೆದಿದ್ದೆ. ಕೈಯಲ್ಲಿ ಮಜ್ಜಿಗೆಯ ಲೋಟ, ಮೂಗಿನ ಮೇಲೆ ಬಿಸಿಲು. ಅವಳ ಕಾಲ ಬಳಿ ನನ್ನ ನೆರಳು. ಎರಡು ಮೊಳಕೈ ಹೊರಗೆ, ತಲೆ ಎಡಕ್ಕೆ. ನನಗೆ ಇದನ್ನು ಯಾರೂ ಕಲಿಸಲಿಲ್ಲ. ಅವ್ವ ಕ್ಯಾಮೆರಾ ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ಒಂದು ಸಲವೂ ನೋಡಿಲ್ಲ.

ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ಮುಖ ಒಂದೇ ಅಂದಾಗ ಇಷ್ಟು ವರ್ಷ ಸಿಟ್ಟು ಬಂದಿತ್ತು. ಮುಖ ಅವಳು ಕೊಟ್ಟದ್ದೂ ಅಲ್ಲ, ನಾನು ಗಳಿಸಿದ್ದೂ ಅಲ್ಲ. ಆದರೆ ಎದುರಿಗಿರುವವರು ಚೆನ್ನಾಗಿ ಕಾಣಲಿ ಅಂತ ತಲೆ ವಾಲಿಸಿ, ಉಸಿರು ಹಿಡಿದು, ಕಾದು ನಿಲ್ಲುವುದು ನಾನು ನನ್ನ ಸಲುವಾಗಿ ಮಾಡುವ ಒಂದೇ ಕೆಲಸ. ಅದು ನನ್ನೊಬ್ಬಳದೇ ಅಂದುಕೊಂಡಿದ್ದೆ. "ನಿನ್ನ ಸಲುವಾಗಿ ಏನು ಮಾಡೀ" ಅಂತ ಯಾರನ್ನು ಕೇಳಿದ್ದೆನೋ, ಅವಳು ನನಗಿಂತ ಎಂಟು ವರ್ಷ ಮೊದಲೇ ಹುಟ್ಟಿದ ಅದೇ ಆಸೆಯನ್ನು ನುಗ್ಗಿಕೇರಿಯಲ್ಲಿ ನಿಂತು ತೀರಿಸಿಕೊಂಡಿದ್ದಳು.

ನಾವು ನಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿ ಬೆಳೆದವರು. ಕನ್ನಡಿ ಎಡ ಬಲ ಬದಲಿಸುತ್ತದೆ. 1977ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮಹಿಳೆಯರಿಗೆ ಅವರದೇ ಫೋಟೋವನ್ನು ಎರಡು ರೀತಿ ತೋರಿಸಿದರು, ಇದ್ದ ಹಾಗೆ ಒಂದು, ಕನ್ನಡಿಯಲ್ಲಿ ಕಾಣುವ ಹಾಗೆ ಇನ್ನೊಂದು. ಅವರು ಹೆಚ್ಚಾಗಿ ಮೆಚ್ಚಿದ್ದು ಕನ್ನಡಿಯದನ್ನು. ಅವರ ಗೆಳತಿಯರು ಮೆಚ್ಚಿದ್ದು ಇದ್ದ ಹಾಗಿನದನ್ನು. ಅಂದರೆ ನನ್ನ ನಿಜವಾದ ಮುಖ ನನಗಿಂತ ನನ್ನ ಅವ್ವನಿಗೆ ಹೆಚ್ಚು ಪರಿಚಿತ. ಈಗ ಆ ಮುಖ ಅವಳಿಗೂ ಕಾಣುವುದಿಲ್ಲ. ನಾನು ಕೋಣೆಗೆ ಬಂದರೆ ನಡಿಗೆಯ ಸಪ್ಪಳದಲ್ಲಿ ಗುರುತಿಸುತ್ತಾಳೆ.

ಕ್ಯಾಮೆರಾದ ಹಿಂದೆ ನಿಂತ ಹೆಣ್ಣುಮಕ್ಕಳ ಬಗ್ಗೆ ಆಮೇಲೆ ಓದಲು ಶುರು ಮಾಡಿದೆ. ಇಬ್ಬರು ಮೂವರ ಹೆಸರು ಹೇಳುತ್ತೇನೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1815ರಲ್ಲಿ ಹುಟ್ಟಿದ್ದು ನಮ್ಮ ಕಲ್ಕತ್ತದಲ್ಲಿ. 1863ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗ, ಮಗಳು ಮತ್ತು ಅಳಿಯ ಆಕೆಗೆ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ. ಅಲ್ಲಿಂದ ಶುರು ಮಾಡಿ ಜಗತ್ತಿನ ದೊಡ್ಡ ಭಾವಚಿತ್ರಕಾರರಲ್ಲಿ ಒಬ್ಬರಾದರು. ಇಂದು 48 ಆಗಿರುವವರು ಇದನ್ನು ನೆನಪಿಡಿ, ಮಗಳು ಇರುವವರು ಮಗಳಿಗೆ ನೆನಪಿಸಿ.

ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ. ಆರಂಭದಲ್ಲಿ ಆಕೆಯ ಚಿತ್ರಗಳು ಪ್ರಕಟವಾಗಿದ್ದು ಗಂಡನ ಹೆಸರಿನಲ್ಲಿ. ಸ್ವಾತಂತ್ರ್ಯದ ಹೊತ್ತಿನ ದೆಹಲಿಯನ್ನು ನಾವು ಇಂದು ನೋಡುವುದು ಬಹಳಷ್ಟು ಆಕೆಯ ಕಣ್ಣಿನಿಂದ. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, 97ನೇ ವಯಸ್ಸಿಗೆ. ಇನ್ನು ದಯಾನಿತಾ ಸಿಂಗ್ ಹೆಸರು ನೀವು ಕೇಳಿರಬಹುದು, 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದವರು. ಅವರ ತಾಯಿ ನೋನಿ ಸಿಂಗ್ ಮನೆಯವರನ್ನು, ಮಕ್ಕಳನ್ನು ವರ್ಷಗಟ್ಟಲೆ ಫೋಟೋ ತೆಗೆದವರು. ಆ ತಾಯಿಯ ಚಿತ್ರಗಳ ಪುಸ್ತಕ ಹೊರಬಂದದ್ದು 2013ರಲ್ಲಿ, ಮಗಳು ಹೆಸರು ಮಾಡಿ ಎಷ್ಟೋ ವರ್ಷಗಳಾದ ಮೇಲೆ. ಮಗಳ ಮೂಲಕ ತಾಯಿ ಕಾಣಿಸಿಕೊಳ್ಳುವುದು ನಮ್ಮ ಮನೆಯ ಕಥೆ ಮಾತ್ರವಲ್ಲ.

"ಮತ್ಯಾಕ ಬಿಟ್ಟಿ?" ಅಂತ ಕೇಳಿದೆ ಅವ್ವನನ್ನು. ಉತ್ತರ ನನಗೆ ಗೊತ್ತಿದೆ ಅಂದುಕೊಂಡೇ ಕೇಳಿದ್ದೆ.

"ಮೈದುನ ಕೇಳಿದ, ಕೊಟ್ಟೆ. ಅಂವಗ ಹುಚ್ಚು ಭಾಳ ಇತ್ತು. ಚಲೋನೂ ತಗೀತಿದ್ದ."

ನನ್ನ ಕಣ್ಣು ತುಂಬಿತು. ಅವ್ವನಿಗೆ ಮುಖ ಕಾಣದಿದ್ದರೂ ದನಿ ಕೇಳುತ್ತದೆ. "ಅಷ್ಟೇನ ದುಃಖ ಆಗಿಲ್ಲ ನನಗ. ಹೊಸ ಮನಿ, ಹೊಸ ಜನ, ಆಮ್ಯಾಲೆ ನೀ. ಪುರಸೊತ್ತ ಎಲ್ಲಿತ್ತು? ನಿನಗ ದುಃಖ ಬೇಕಾಗಿದ್ರ ನಿನ್ನ ಹೆಸರಲೆ ಪಡು, ನನ್ನ ಹೆಸರಲೆ ಪಡಬ್ಯಾಡ" ಅಂದಳು.

ಈ ಮಾತನ್ನು ನಾನು ಇಲ್ಲಿ ಹೇಳಲೇಬೇಕಿತ್ತು. ತಾಯಿಯಲ್ಲಿ ನಮ್ಮನ್ನು ನಾವು ಕಾಣುವುದು ಸುಲಭ. ಅದರಲ್ಲಿ ಒಂದು ಅಪಾಯವೂ ಇದೆ. ನಮ್ಮ ಸಿಟ್ಟು, ನಮ್ಮ ಸೋಲು, ನಮ್ಮ ಭಯ ಎಲ್ಲವನ್ನೂ ಅವಳ ಹಳೆಯ ಫೋಟೋಕ್ಕೆ ಅಂಟಿಸಿ, "ಪಾಪ ಅವ್ವ" ಅಂದುಬಿಡುತ್ತೇವೆ. 1979ರ ಆ ಪಾಸ್‌ಪೋರ್ಟ್ ಫೋಟೋದಲ್ಲಿ ಅವಳ ಕಣ್ಣಲ್ಲಿ ಏನೋ ನೋವಿದೆ ಅಂತ ನಾನು ಎಷ್ಟೋ ದಿನ ನಂಬಿದ್ದೆ. ಕೇಳಿದರೆ, "ಲೈಟು ಕಣ್ಣಿಗೆ ಹೊಡೀತಿತ್ತು" ಅಂದಳು.

ಆದರೆ ನಾಲ್ಕು ದಿನ ಬಿಟ್ಟು, ಅವರೆಕಾಯಿ ಬಿಡಿಸುತ್ತ ಕುಳಿತಾಗ, ತಾನಾಗಿಯೇ ಹೇಳಿದಳು. "ಒಂದ ಸಲ ಮಾತ್ರ ಅನಸಿತ್ತು." ನನ್ನ ಐದನೇ ಹುಟ್ಟುಹಬ್ಬ. ಹುಬ್ಬಳ್ಳಿಯ ಮನೆ. ಅವ್ವ ಒಲೆಯ ಮುಂದೆ ಪೂರಿ ಕರಿಯುತ್ತಿದ್ದಳು. ಪಡಸಾಲೆಯಲ್ಲಿ ಎಲ್ಲರೂ ನಗುವುದು ಕೇಳಿಸಿತು, ಫೋಟೋ ತೆಗೆಯುತ್ತಿದ್ದರು. "ತಡೀರಿ, ನಾ ಬರ್ತೀನಿ" ಅಂತ ಕೂಗಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ರೋಲು ಮುಗಿದಿತ್ತು.

"ಫೋಟೋದಾಗ ಬರಬೇಕಿತ್ತೇನವ್ವಾ ನೀ?"

"ಫೋಟೋದಾಗ ಅಲ್ಲ. ನಿಂದೊಂದು ನಾ ತಗೀಬೇಕಂತ ಇತ್ತು. ಆಕಳದ್ದು ಮೂರು ತಗದೀನಿ. ನನ್ನ ಕೈಲೆ ತಗದದ್ದು ನಿಂದೊಂದೂ ಇಲ್ಲ."

ನನ್ನ ಎಕ್ಸೆಲ್ ಶೀಟಿನಲ್ಲಿ ಈ ಸಾಲು ಇರಲಿಲ್ಲ. ಯಾರು ಯಾರು ಫೋಟೋದಲ್ಲಿದ್ದಾರೆ ಎಂದು ಬರೆದಿದ್ದೆ. ಯಾರು ತೆಗೆದದ್ದು ಎಂಬ ಕಾಲಮ್ಮೇ ಇರಲಿಲ್ಲ.

ಮರುದಿನ ಸಂಜೆ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋದೆ. ಕೈಗೆ ಫೋನು ಕೊಟ್ಟೆ. "ನನಗೇನು ಕಾಣ್ತದ ಅಂತ ಕೊಡ್ತಿ?" ಅಂದಳು. ಆದರೂ ಕೆಳಗಿಡಲಿಲ್ಲ. ಎರಡು ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. ಫೋನನ್ನು ಹಾಗೆ ಹಿಡಿಯಬೇಕಿಲ್ಲ, ಆದರೆ ಅವಳ ಕೈಗೆ ಗೊತ್ತಿದ್ದದ್ದು ಹಾಗೆಯೇ. ಮೊಳಕೈಗಳು ಹೊರಗೆ ಬಂದವು. "ಸೂರ್ಯ ಎಲ್ಲಿದ್ದಾನ?" ಅಂತ ಕೇಳಿದಳು. ಬೆನ್ನ ಮೇಲಿನ ಬಿಸಿಲಿನ ಕಾವು ನೋಡಿಕೊಂಡು ತಾನೇ ತಿರುಗಿ ನಿಂತಳು. ತಲೆ ಎಡಕ್ಕೆ ವಾಲಿಸಿದಳು. ಹಿಂದೆ ಅದು ಅಭ್ಯಾಸ. ಈಗ ಅದಕ್ಕೊಂದು ಉಪಯೋಗವೂ ಇದೆ, ಓರೆಯಾಗಿ ನೋಡಿದರೆ ಅವಳಿಗೆ ನನ್ನ ಆಕಾರ ತಿಳಿಯುತ್ತದೆ.

ಆ ಓರೆನೋಟದ ಎದುರು ನಿಂತು ನಾನು ಆರು ವರ್ಷದ ಹಿಂದಿನ ಮಾತಿಗೆ ಕ್ಷಮೆ ಕೇಳಿದೆ. "ಅವತ್ತು ನಾ ಹಂಗ ಅನಬಾರದಿತ್ತು" ಅಂದೆ. ಮರೆತಿರುತ್ತಾಳೆ ಅಂದುಕೊಂಡಿದ್ದೆ. "ನೆನಪದ" ಅಂದಳು. ಸ್ವಲ್ಪ ತಡೆದು, "ನೀ ಕೆಲಸ ಬಿಡಲಿಲ್ಲಲ್ಲ, ಚಲೋ ಆತು. ಈಗ ಸುಮ್ಮ ನಿಲ್ಲು, ಅಳ್ಳಾಡಬ್ಯಾಡ."

ಒಂದೇ ಫೋಟೋ ತೆಗೆದಳು. "ಇನ್ನೊಂದು ತಗಿಯವ್ವಾ" ಅಂದೆ. "ಒಂದು ಸಾಕು. ಸುಮ್ಮನ ಯಾಕ ಹಾಳು ಮಾಡೂದು" ಅಂದಳು.

ನನ್ನ ಸ್ಲೈಡುಗಳ ನಿಯಮಗಳ ಪ್ರಕಾರ ಅದು ಕೆಟ್ಟ ಫೋಟೋ. ನನ್ನ ಹಣೆ ಅರ್ಧ ಕತ್ತರಿಸಿದೆ. ಎಡಗಡೆ ಅರ್ಧ ಜಾಗ ನೀರಿನ ಟ್ಯಾಂಕಿನದು. ಚಿತ್ರ ಸ್ವಲ್ಪ ವಾಲಿದೆ. ಕೆಳಗೆ ಸಿಮೆಂಟಿನ ನೆಲದ ಮೇಲೆ ಅವಳ ಉದ್ದನೆಯ ನೆರಳು, ನನ್ನ ಪಾದದವರೆಗೆ ಬಂದು ನಿಂತಿದೆ. ಅವ್ವನಿಗೆ ಅದನ್ನೆಲ್ಲ ವಿವರಿಸಿ ಹೇಳಿದೆ. ಟ್ಯಾಂಕಿನ ವಿಷಯ ಕೇಳಿ ನಕ್ಕಳು. ಆಮೇಲೆ ಎಕ್ಸೆಲ್ ಶೀಟು ತೆರೆದು ಹೊಸ ಕಾಲಮ್ಮು ಸೇರಿಸಿ, 413ನೇ ಸಾಲಿನಲ್ಲಿ "ತೆಗೆದವರು: ಅವ್ವ" ಅಂತ ತುಂಬಿದೆ.

ಕೊನೆಗೆ ನಿಮ್ಮಲ್ಲಿ ಮೂರು ವಿನಂತಿ.

ಒಂದು, ಮನೆಯ ಹಳೆಯ ಫೋಟೋ ತೆಗೆದು ಹೆಸರು ಬರೆದಿಡಿ. ಹಳೆಯ ಕಪ್ಪು ಬಿಳುಪು ಚಿತ್ರಗಳ ಹಿಂದೆ ಮೆತ್ತಗಿನ ಪೆನ್ಸಿಲಿನಿಂದ ಹಗುರವಾಗಿ ಬರೆಯಬಹುದು. ಬಣ್ಣದ ಫೋಟೋಗಳ ಹಿಂಬದಿಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಪೆನ್ಸಿಲ್ ಹತ್ತುವುದಿಲ್ಲ, ಬೇರೆ ಕಾಗದದಲ್ಲಿ ಬರೆದು ಜೊತೆಗಿಡಿ. ಬಣ್ಣದವನ್ನೇ ಮೊದಲು ಸ್ಕ್ಯಾನ್ ಮಾಡಿ. 70, 80ರ ದಶಕದ ಬಣ್ಣದ ಚಿತ್ರಗಳು ಆಲ್ಬಮ್ಮಿನ ಕತ್ತಲೆಯಲ್ಲಿದ್ದರೂ ಕೆಂಪಾಗುತ್ತ ಹೋಗುತ್ತವೆ. ಕಪ್ಪು ಬಿಳುಪಿನವು ಹೆಚ್ಚು ದಿನ ಬಾಳುತ್ತವೆ.

ಎರಡು, ಅಮ್ಮನಿಗೋ ಅತ್ತೆಗೋ ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತಿದೆ ಅಂದರೆ ವಯಸ್ಸಾಯಿತು ಅಂತ ಬಿಡಬೇಡಿ. ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಿ. ಕೆಲವು ಬಗೆಯಲ್ಲಿ ಬೇಗ ಇಂಜೆಕ್ಷನ್ ಶುರುವಾದರೆ ಉಳಿದ ದೃಷ್ಟಿ ಉಳಿಯುತ್ತದೆ. ನಾವು ಬಡಿಗನನ್ನು ಹುಡುಕುತ್ತ ಒಂದು ತಿಂಗಳು ಕಳೆದೆವು.

ಮೂರು, ಫೋಟೋ ನೋಡುವಾಗ "ಇದರಲ್ಲಿ ಯಾರಿದ್ದಾರೆ" ಅಂತ ಕೇಳಿದ ಮೇಲೆ "ಇದನ್ನು ತೆಗೆದವರು ಯಾರು" ಅಂತಲೂ ಕೇಳಿ. ಕೇಳಿದ ಮೇಲೆ ಫೋನು ಅವರ ಕೈಗೆ ಕೊಟ್ಟು, ನೀವು ಎದುರು ಹೋಗಿ ನಿಂತುಕೊಳ್ಳಿ.

ಅವ್ವ ಇವತ್ತು ಇಲ್ಲಿಗೆ ಬಂದಿಲ್ಲ. "ನನ್ನ ಮ್ಯಾಲೆನ ಮಾತಾಡ್ತಿ, ನಾ ಬಂದು ಏನು ಮಾಡ್ಲಿ?" ಅಂದಳು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಿ ಕಳಿಸಿದ್ದಾಳೆ. "ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಇತ್ತು ಅಂತ ಹೇಳು, ಹೊಸದಂತ ಸುಳ್ಳ ಹೇಳಬ್ಯಾಡ." ಹೇಳಿದ್ದೇನೆ.